ಪೇಟೆಯ ಊರು, ಹೊಲದ ದುಡಿಮೆ: ಬ್ಯಾಡಗಿಯ ಜನಲೆಕ್ಕ
(ದತ್ತಿ ಉಪನ್ಯಾಸದ ಬರಹರೂಪ)



ಕೃಷಿ ಮತ್ತು ಜನಜೀವನದ ಬಗ್ಗೆ ವರ್ಷಕ್ಕೊಮ್ಮೆ ಒಂದು ಮಾತು ಆಗಬೇಕೆಂಬುದು ಈ ದತ್ತಿ ಇಟ್ಟವರ ಆಸೆ. ವಿಷಯಕ್ಕೆ ದಂಡೆಯೇ ಇಲ್ಲ. ಇಡೀ ನಾಡಿನ ಬೇಸಾಯದ ಬಗ್ಗೆ ಒಂದು ಗಂಟೆ ಮಾತಾಡಿದರೆ ಯಾವ ಊರಿನ ಬಗ್ಗೆಯೂ ಏನೂ ಹೇಳಿದ ಹಾಗಾಗುವುದಿಲ್ಲ. ಆದ್ದರಿಂದ ಒಂದೇ ಊರನ್ನು ಎತ್ತಿಕೊಂಡಿದ್ದೇನೆ, ಹಾವೇರಿ ಜಿಲ್ಲೆಯ ಬ್ಯಾಡಗಿ. ಹೆಸರು ಎಲ್ಲರಿಗೂ ಗೊತ್ತು. ಬೆಂಗಳೂರಿನ ಕಿರಾಣಿ ಅಂಗಡಿಯಲ್ಲೂ ಮಂಗಳೂರಿನ ಮಸಾಲೆ ರುಬ್ಬುವ ಮನೆಯಲ್ಲೂ ದಿನಕ್ಕೊಮ್ಮೆ ಆ ಹೆಸರು ಬಾಯಿಗೆ ಬರುತ್ತದೆ. ಊರಿನ ಪರಿಚಯ ಇರುವವರು ಮಾತ್ರ ಕಡಿಮೆ.

ಮೊದಲು ಒಂದು ಸಂಗತಿ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಬೆನ್ನಿಗೇ ಬರುತ್ತದೆ. ಬ್ಯಾಡಗಿ ಪೇಟೆಗೆ ಬರುವ ಮೆಣಸಿನಕಾಯಿಯಲ್ಲಿ ಬ್ಯಾಡಗಿಯ ಸುತ್ತಮುತ್ತ ಬೆಳೆದದ್ದು ಈಗ ಸಣ್ಣ ಪಾಲು. ಹೆಚ್ಚಿನದು ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯಿಂದ, ಗಡಿಯಾಚೆಯ ಕರ್ನೂಲು ಸೀಮೆಯಿಂದ ಲಾರಿಯಲ್ಲಿ ಬರುತ್ತದೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ, ಅಂದರೆ ಭೌಗೋಳಿಕ ಗುರುತಿನ, ಮಾನ್ಯತೆ ಸಿಕ್ಕಿತು. ಅಷ್ಟರಲ್ಲಾಗಲೇ ತಾಲ್ಲೂಕಿನ ಹೊಲಗಳಲ್ಲಿ ಗೋವಿನಜೋಳ ಎದೆಮಟ್ಟ ನಿಂತಿತ್ತು. ಬೆಳೆ ಊರು ಬಿಟ್ಟು ಹೋಯಿತು, ಪೇಟೆ ಊರಲ್ಲೇ ಉಳಿಯಿತು. ಬೆಳೆಯ ಜೊತೆಗಿದ್ದ ಜನ ಏನಾದರು ಎಂಬುದು ಇವತ್ತಿನ ನನ್ನ ಪ್ರಶ್ನೆ.

ಊರಿನ ಗುರುತು ಚುಟುಕಾಗಿ ಹೇಳುತ್ತೇನೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲುದಾರಿಯಲ್ಲಿ ಬ್ಯಾಡಗಿ ಸ್ಟೇಷನ್ ಸಿಗುತ್ತದೆ. ಹೆದ್ದಾರಿಯಿಂದ ಬರುವವರು ಮೋಟೆಬೆನ್ನೂರಿನಲ್ಲಿ ತಿರುಗಬೇಕು. ಕನಕದಾಸರ ಕಾಗಿನೆಲೆ, ಆಂಜನೇಯನ ಕದರಮಂಡಲಗಿ ಇದೇ ತಾಲ್ಲೂಕಿನವು. ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದ ಊರು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು, 1997ರಲ್ಲಿ ಹೊಸ ಹಾವೇರಿ ಜಿಲ್ಲೆಗೆ ಬಂತು. ಆಡಳಿತಕ್ಕೆ ಪುರಸಭೆ ಇದೆ.

ಇನ್ನು ಜನಸಂಖ್ಯೆ. 2001ರ ಜನಗಣತಿಯಲ್ಲಿ ಊರಿನ ಜನ 25 ಸಾವಿರಕ್ಕೆ ತುಸು ಮೇಲಿದ್ದರು. 2011ರಲ್ಲಿ ಸುಮಾರು 30 ಸಾವಿರ. ಹತ್ತು ವರ್ಷಕ್ಕೆ ನೂರಕ್ಕೆ 17ರ ಆಸುಪಾಸಿನ ಏರಿಕೆ. ಅದೇ ಅವಧಿಯಲ್ಲಿ ಹಾವೇರಿ ಜಿಲ್ಲೆಯ ಜನ ಏರಿದ್ದು ನೂರಕ್ಕೆ 11, ರಾಜ್ಯದ ನಗರ ಜನಸಂಖ್ಯೆ ಏರಿದ್ದು ನೂರಕ್ಕೆ 31ಕ್ಕೂ ಹೆಚ್ಚು. ಸುತ್ತಲಿನ ಹಳ್ಳಿಗಳಿಂದ ಬ್ಯಾಡಗಿ ಒಂದಿಷ್ಟು ಜನರನ್ನು ಎಳೆದುಕೊಂಡಿದೆ, ತನ್ನ ಒಂದಿಷ್ಟು ಮಕ್ಕಳನ್ನು ದಾವಣಗೆರೆ, ಹುಬ್ಬಳ್ಳಿ, ಬೆಂಗಳೂರಿಗೆ ಬಿಟ್ಟುಕೊಟ್ಟಿದೆ. ನಮ್ಮ ಬಹಳಷ್ಟು ತಾಲ್ಲೂಕು ಪಟ್ಟಣಗಳ ಕಥೆ ಇದೇ. 2011ರಲ್ಲಿ ರಾಜ್ಯದಲ್ಲಿ ನೂರಕ್ಕೆ 38 ಮಂದಿ ಪಟ್ಟಣವಾಸಿಗಳಾಗಿದ್ದರೆ ಹಾವೇರಿ ಜಿಲ್ಲೆಯಲ್ಲಿ 22 ಮಂದಿ. ಜಿಲ್ಲೆ ಇವತ್ತಿಗೂ ಹಳ್ಳಿಗಾಡೇ.

ಈ ಅಂಕಿಗಳನ್ನು ನಾನು ಅನುಮಾನಿಸುತ್ತಿಲ್ಲ. ಆದರೆ ಜನಗಣತಿ ಎಣಿಸುವುದು ರಾತ್ರಿಯ ಊರನ್ನು. ಯಾರು ಎಲ್ಲಿ ಮಲಗುತ್ತಾರೋ ಅಲ್ಲಿಯ ಲೆಕ್ಕಕ್ಕೆ. ಬ್ಯಾಡಗಿಯ ನಿಜವಾದ ಸಂಖ್ಯೆ ಹಗಲಿನದು, ಅದರಲ್ಲೂ ಸೋಮವಾರ ಮತ್ತು ಗುರುವಾರದ್ದು. ಅವು ಪೇಟೆಯ ದಿನಗಳು.

ಪೇಟೆ ನಡೆಯುವ ಬಗೆ ನೋಡದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಭಾನುವಾರ ಮಧ್ಯಾಹ್ನದಿಂದಲೇ ಲಾರಿಗಳು ಬಂದು ಸಾಲು ಹಿಡಿಯುತ್ತವೆ. ಜೊತೆಯಲ್ಲಿ ಬಂದ ರೈತ ತನ್ನ ದಲಾಲರ ಅಂಗಡಿ ಮುಂದೆ ಚೀಲ ಇಳಿಸಿಕೊಂಡು ರಾತ್ರಿ ಅಲ್ಲೇ, ಬಹಳ ಸಲ ಚೀಲದ ಮೇಲೇ, ಮಲಗುತ್ತಾನೆ. ಬೆಳಗ್ಗೆ ಪ್ರತಿ ರೈತನ ಮಾಲಿಗೆ ಒಂದು ಲಾಟ್ ನಂಬರು. ಚೀಲದ ಬಾಯಿ ಬಿಚ್ಚಿಟ್ಟಿರುತ್ತಾರೆ. ಖರೀದಿದಾರರು, ಅವರ ಗುಮಾಸ್ತರು ಸಾಲು ಸಾಲು ತಿರುಗುತ್ತಾರೆ. ಒಬ್ಬ ಬಂದು ಚೀಲದ ಒಳಗೆ ಮೊಣಕೈವರೆಗೆ ಕೈ ಹಾಕಿ ತಳದ ಕಾಯಿ ಎತ್ತುತ್ತಾನೆ. ಮೇಲಿನದನ್ನು ನಂಬುವವನು ಈ ವ್ಯಾಪಾರದಲ್ಲಿ ಇಲ್ಲ. ಮುಷ್ಟಿಯಲ್ಲಿ ಹಿಡಿದು ಹಿಸುಕುತ್ತಾನೆ, ಹಸಿ ಇದೆಯೋ ಎಂದು. ಒಣಗಿದ್ದಾದರೆ ಗಲಗಲ ಸದ್ದು ಬರುತ್ತದೆ. ಒಂದು ಕಾಯಿ ಮುರಿದು ಒಳಗಿನ ಬಣ್ಣ ನೋಡುತ್ತಾನೆ. ತೂಕ ಬರಲೆಂದು ನೀರು ಚಿಮುಕಿಸಿದ್ದರೆ ಆ ಕೈಗೆ ಗೊತ್ತಾಗದೆ ಇರುವುದಿಲ್ಲ. ಕಡ್ಡಿ ತಳಿಯೋ ಡಬ್ಬಿ ತಳಿಯೋ ಗುಂಟೂರಿನದೋ ಎಂದು ಕೇಳುವ ಗೊಡವೆಗೂ ಹೋಗುವುದಿಲ್ಲ. ಲಾಟ್ ನಂಬರಿನ ಎದುರು ತನ್ನ ದರ ಗುರುತು ಹಾಕಿಕೊಂಡು ಮುಂದಿನ ಚೀಲಕ್ಕೆ ಸಾಗುತ್ತಾನೆ. ಒಬ್ಬ ರೈತನ ಎಂಟು ತಿಂಗಳ ಬೆಳೆ ಅವನ ಕೈಯಲ್ಲಿ ಇದ್ದದ್ದು ಅರ್ಧ ನಿಮಿಷ. ಆಮೇಲೆ ಇ-ಟೆಂಡರ್, ದರದ ಘೋಷಣೆ, ತೂಕ, ಪಟ್ಟಿ. ದರ ಒಪ್ಪಿಗೆಯಾಗದಿದ್ದರೆ ರೈತ ಮಾಲು ಹಿಡಿದುಕೊಳ್ಳಬಹುದು. ಆದರೆ ಬಳ್ಳಾರಿ ಕಡೆಯ ಸಿರುಗುಪ್ಪದಿಂದ ಬಾಡಿಗೆ ಕೊಟ್ಟು ತಂದವನು ಮತ್ತೆ ಬಾಡಿಗೆ ಕೊಟ್ಟು ವಾಪಸ್ ಒಯ್ಯುತ್ತಾನೆಯೆ?

ಇವರ ಜೊತೆಗೆ ಹಮಾಲರು, ತೂಕದವರು, ಚೀಲ ಹೊಲಿಯುವವರು, ಲಾರಿ ಚಾಲಕರು, ಖಾನಾವಳಿಯವರು, ಚಹಾ ಮಾರುವ ಹುಡುಗರು. ಸುಗ್ಗಿಯ ಒಂದು ಸೋಮವಾರ ಲಕ್ಷಗಟ್ಟಲೆ ಚೀಲ ಬರುವ ಊರಿದು. ಅಂದಿನ ಜನರನ್ನು ಯಾವ ಗಣತಿಯೂ ಎಣಿಸಿಲ್ಲ. ಪುರಸಭೆ ನೀರು, ಶೌಚಾಲಯ, ಕಸದ ಗಾಡಿ ಎಲ್ಲವನ್ನೂ ಲೆಕ್ಕ ಹಾಕುವುದು ರಾತ್ರಿಯ ಊರಿಗೆ ತಕ್ಕಂತೆ. ಊರು ಇಕ್ಕಟ್ಟು ಎಂದು ಗೊಣಗುವ ನಾವು ಯಾವ ಊರಿನ ಬಗ್ಗೆ ಗೊಣಗುತ್ತಿದ್ದೇವೆ ಎಂದು ಒಮ್ಮೆ ಕೇಳಿಕೊಳ್ಳಬೇಕು.

ಈಗ ಹೊಲಕ್ಕೆ ಬರೋಣ. ಮೆಣಸಿನಕಾಯಿ ಈ ಭಾಗದಿಂದ ಯಾಕೆ ಹೋಯಿತು?

ಇಲ್ಲಿಯದು ಮಳೆಯಾಶ್ರಿತ ಬೆಳೆ. ರೈತರು ಬೀಜವನ್ನು ತಾವೇ ಆರಿಸಿ ಇಟ್ಟುಕೊಳ್ಳುತ್ತಿದ್ದರು. ಹತ್ತಿ, ಉಳ್ಳಾಗಡ್ಡಿಯ ಜೊತೆ ಬೆರೆಸಿ ಬೆಳೆಯುವುದು ರೂಢಿ. ಖಾರ ಕಡಿಮೆ, ಬಣ್ಣ ಹೆಚ್ಚು, ಇಳುವರಿ ಅಷ್ಟಕ್ಕಷ್ಟೆ. ನುಸಿ ಮತ್ತು ಥ್ರಿಪ್ಸ್ ಕಾಟದಿಂದ ಎಲೆ ಮುದುಡುವ ಮುರುಟು ರೋಗ ಬಂದರೆ ಅದೂ ಇಲ್ಲ. ಕಾಯಿ ಎಲ್ಲ ಒಟ್ಟಿಗೆ ಹಣ್ಣಾಗುವುದಿಲ್ಲ, ಹೀಗಾಗಿ ಎರಡು ಮೂರು ಸಲ ಬಿಡಿಸಬೇಕು. ಬಿಡಿಸಿದ್ದನ್ನು ಕಣದಲ್ಲಿ ಹರವಿ ಒಣಗಿಸುವಾಗ ಅಕಾಲ ಮಳೆ ಬಿದ್ದರೆ ಬಣ್ಣ ಹೋಯಿತು. ಬಣ್ಣ ಹೋದರೆ ದರವೂ ಹೋದ ಹಾಗೆಯೇ. ಆ ಕಡೆ ತುಂಗಭದ್ರೆಯ ಕಾಲುವೆ ಬಯಲಿನ ಎರೆಭೂಮಿಯಲ್ಲಿ ನೀರಿತ್ತು, ದೊಡ್ಡ ಹಿಡುವಳಿಗಳಿದ್ದವು, ಕಂಪನಿಗಳ ಹೈಬ್ರಿಡ್ ಬೀಜ ಬಂತು. ಎಕರೆಗೆ ಇಲ್ಲಿನ ಹಲವು ಪಟ್ಟು ಬೆಳೆಯುವವರ ಎದುರು ಬ್ಯಾಡಗಿ ತಾಲ್ಲೂಕಿನ ಮೂರೆಕರೆಯ ರೈತ ಎಷ್ಟು ದಿನ ನಿಲ್ಲಬೇಕು? 2015–16ರ ಕೃಷಿ ಗಣತಿ ಪ್ರಕಾರ ರಾಜ್ಯದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಮೂರೂವರೆ ಎಕರೆಗೂ ಕಡಿಮೆ. ಐದು ವರ್ಷ ಹಿಂದೆ ಅದು 1.55 ಇತ್ತು.

ಆ ರೈತ ಗೋವಿನಜೋಳ ಹಾಕಿದ. 2002ರ ನಂತರ ಬಿಟಿ ಹತ್ತಿಯೂ ಬಂತು. ಗೋವಿನಜೋಳಕ್ಕೆ ಕೋಳಿ ಆಹಾರದ ಕಾರ್ಖಾನೆಗಳ ಬೇಡಿಕೆ ಇತ್ತು, ಆಳು ಬಹಳ ಬೇಡ. ಕಳೆಗೆ ಔಷಧಿ ಹೊಡೆದರಾಯಿತು, ಕಾಳು ಬಿಡಿಸಲು ಯಂತ್ರ ಬರುತ್ತದೆ. ರೈತನ ದೃಷ್ಟಿಯಿಂದ ಜಾಣ ಲೆಕ್ಕ. ಅವನನ್ನು ನಾನು ದೂರುವುದಿಲ್ಲ. ಊರಿನ ಬೆಳೆಯ ಹೆಸರು ಉಳಿಸಲಿಕ್ಕಾಗಿ ನಷ್ಟ ಮಾಡಿಕೊ ಎಂದು ಅವನಿಗೆ ಹೇಳುವ ಹಕ್ಕು ಪಟ್ಟಣದಲ್ಲಿ ಕುಳಿತ ನಮಗಿಲ್ಲ.

ಆದರೆ ಅದೇ ಲೆಕ್ಕದ ಇನ್ನೊಂದು ಬದಿಯಲ್ಲಿ ಕೂಲಿ ಹೆಣ್ಣುಮಕ್ಕಳಿದ್ದರು. ಮೆಣಸಿನ ಹೊಲದಲ್ಲಿ ಸಸಿ ಹಚ್ಚುವುದು, ಕಳೆ ತೆಗೆಯುವುದು, ಕಾಯಿ ಬಿಡಿಸುವುದು, ಒಣಗಿಸುವುದು, ಆರಿಸುವುದು ಎಲ್ಲವೂ ಅವರ ಕೆಲಸ. ಗೋವಿನಜೋಳ ಬಂದ ಮೇಲೆ ಹೊಲದಲ್ಲಿ ಅವರಿಗೆ ಸಿಗುವ ದಿನಗಳು ಕಡಿಮೆಯಾದವು. ಅವರು ಮೆಣಸಿನಕಾಯಿಯ ಹಿಂದೆಯೇ ಪೇಟೆಗೆ ಬಂದರು. ಮೊದಲು ತಮ್ಮೂರ ಗೌಡರ ಹೊಲದಲ್ಲಿ ಬಿಡಿಸುತ್ತಿದ್ದ ಕಾಯಿಯ ತುಂಬನ್ನು, ಅಂದರೆ ತೊಟ್ಟನ್ನು, ಈಗ ವರ್ತಕರ ಗೋದಾಮಿನಲ್ಲಿ ಕೂತು ಬಿಡಿಸುತ್ತಾರೆ. ಕಾಯಿ ಮಾತ್ರ ಬಳ್ಳಾರಿಯದು.

ಈ ಕೆಲಸವನ್ನು ಹತ್ತಿರದಿಂದ ನೋಡಬೇಕು. ಪೇಟೆಯಲ್ಲಿ ಕೊಂಡ ಮಾಲು ನೇರ ಹಡಗು ಹತ್ತುವುದಿಲ್ಲ. ಪುಡಿ ಮಾಡುವ ಕಂಪನಿಗಳಿಗೆ, ಬಣ್ಣದ ಎಣ್ಣೆ, ಅಂದರೆ ಓಲಿಯೋರೆಸಿನ್ ತೆಗೆಯುವ ಕಾರ್ಖಾನೆಗಳಿಗೆ ತೊಟ್ಟು ಬೇಡ. ತೊಟ್ಟಿನಲ್ಲಿ ಬಣ್ಣವಿಲ್ಲ, ತೂಕ ಮಾತ್ರ ಇದೆ. ಹೀಗಾಗಿ ಒಂದೊಂದು ಕಾಯಿಯನ್ನೂ ಎತ್ತಿ ತುಂಬು ಮುರಿಯಬೇಕು. ಗೋದಾಮಿನ ನೆಲದ ಮೇಲೆ ಕೆಂಪು ರಾಶಿ, ಅದರ ಸುತ್ತ ಹೆಂಗಸರು. ಬಾಯಿಗೆ ಮೂಗಿಗೆ ಸೀರೆ ಸೆರಗು ಅಥವಾ ಹಳೆಯ ಟವೆಲ್. ಎಡಗೈ ಕಾಯಿ ಹಿಡಿದರೆ ಬಲಗೈ ಹೆಬ್ಬೆರಳು ತೊಟ್ಟಿನ ಬುಡ ಒತ್ತುತ್ತದೆ. ಬೀಜ ಚೆಲ್ಲದ ಹಾಗೆ, ಕಾಯಿ ಸೀಳದ ಹಾಗೆ. ಬಣ್ಣಗೆಟ್ಟ ಬಿಳಿ ಕಾಯಿ ಸಿಕ್ಕರೆ ಪಕ್ಕದ ಬುಟ್ಟಿಗೆ. ಮಾತು ನಡೆದಿರುತ್ತದೆ, ಕಣ್ಣು ರಾಶಿಯ ಮೇಲಿರುವುದಿಲ್ಲ, ಕೈ ತಪ್ಪುವುದಿಲ್ಲ. ಹೊಸಬರು ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಸೀನಲು ಶುರುಮಾಡುತ್ತಾರೆ, ಈ ಹೆಂಗಸರು ನಗುತ್ತಾರೆ. ಘಾಟು ಅವರಿಗೆ ಹತ್ತುವುದಿಲ್ಲವೆಂದಲ್ಲ, ಸಂಜೆ ಕೈ ಉರಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಎಳೆ ಕೂಸು ಇದ್ದವರ ಕಷ್ಟ ಬೇರೆ. ಎಷ್ಟು ತೊಳೆದರೂ ಖಾರ ಬೆರಳ ಸಂದಿಯಲ್ಲಿ ಉಳಿದಿರುತ್ತದೆ, ಕೂಸಿನ ಮುಖ ಮುಟ್ಟುವ ಹಾಗಿಲ್ಲ.

ಕೂಲಿ ಕಿಲೋ ಲೆಕ್ಕದಲ್ಲಿ. ಸಂಜೆ ಬಿಡಿಸಿದ್ದು ತೂಗಿ ಮೇಸ್ತ್ರಿಯ ಪುಸ್ತಕದಲ್ಲಿ ಬರೆಸಬೇಕು, ವಾರಕ್ಕೊಮ್ಮೆ ಬಟವಾಡೆ. ಮೆಣಸಿನಕಾಯಿ ಹಗುರ ಎಂಬುದನ್ನು ಮರೆಯಬೇಡಿ. ಒಂದು ಕಿಲೋ ಆಗಬೇಕಾದರೆ ಎಷ್ಟು ಸಲ ಹೆಬ್ಬೆರಳು ಒತ್ತಬೇಕು! ವಯಸ್ಸಾದವರಿಗೂ ಇಲ್ಲಿ ಕೆಲಸ ಸಿಗುತ್ತದೆ. ಹೊಲದಲ್ಲಿ ಬಾಗಲಾರದವರು ಇಲ್ಲಿ ಕೂತು ದುಡಿಯಬಹುದು. 2011ರಲ್ಲೇ ರಾಜ್ಯದ ಜನರಲ್ಲಿ 60 ದಾಟಿದವರು ನೂರಕ್ಕೆ 9.5ರಷ್ಟಿದ್ದರು. ಅವರಲ್ಲಿ ಪಿಂಚಣಿ ಬರುವ ನೌಕರಿ ಮಾಡಿದವರು ಎಷ್ಟು ಮಂದಿ ಎಂಬುದು ನಿಮಗೇ ಗೊತ್ತು. ಗೋದಾಮಿನಲ್ಲಿ ಮುದುಕಿಯೊಬ್ಬಳನ್ನು "ಈ ವಯಸ್ಸಿನ್ಯಾಗೂ ಯಾಕವ್ವಾ?" ಎಂದು ಕೇಳಿದ್ದಕ್ಕೆ ಅವಳು ರಾಶಿಯಿಂದ ಕೈ ತೆಗೆಯದೆ, "ಮನ್ಯಾಗ ಕುಂತ್ರ ಸೊಸಿ ಏನ್ ಅಂತಾಳೊ, ಇಲ್ಲಿ ಕುಂತ್ರ ರೊಕ್ಕ ಬರ್ತೈತಿ" ಎಂದಳು. ಸಭೆಯಲ್ಲಿ ಅತ್ತೆಯರೂ ಸೊಸೆಯರೂ ಇದ್ದಾರೆ, ನಾನು ಇದಕ್ಕೆ ಟೀಕೆ ಬರೆಯಲು ಹೋಗುವುದಿಲ್ಲ.

ಹಿಂದೆ ಇದು ಡಿಸೆಂಬರಿನಿಂದ ಮೇ ತನಕದ ಕೆಲಸ. ಕೋಲ್ಡ್ ಸ್ಟೋರೇಜುಗಳು ಬಂದ ಮೇಲೆ ಹಂಗಾಮಿನ ಕೊನೆ ಸಡಿಲವಾಯಿತು. ತಂಪಿನಲ್ಲಿಟ್ಟ ಕಾಯಿಗೆ ಬಣ್ಣ ಬೇಗ ಇಳಿಯುವುದಿಲ್ಲ. ವರ್ತಕರು ಸುಗ್ಗಿಯಲ್ಲಿ ಕೊಂಡು ಇಡುತ್ತಾರೆ, ದರ ನೋಡಿ ತೆಗೆಯುತ್ತಾರೆ, ತೆಗೆದಾಗಲೆಲ್ಲ ತುಂಬು ಬಿಡಿಸುವ ಕೆಲಸ ಇರುತ್ತದೆ. ಅದಕ್ಕೆ ತಾರೀಖು ಗೊತ್ತಿರುವುದಿಲ್ಲ. ಮಳೆಗಾಲದಲ್ಲಿ ಈ ವಾರ ಇದ್ದರೆ ಮುಂದಿನ ವಾರ ಇಲ್ಲ. ಇಲ್ಲದ ವಾರ ಅದೇ ಹೆಂಗಸರು ಹೊಲಕ್ಕೆ, ಇಲ್ಲವೆ ಗಾರೆ ಕೆಲಸಕ್ಕೆ ಹೋಗುತ್ತಾರೆ.

ಇಂಥ ಹೆಂಗಸನ್ನು ಜನಗಣತಿ ಯಾವ ಕೋಣೆಗೆ ಹಾಕುತ್ತದೆ? ನಾನು ಮುಖ್ಯವಾಗಿ ಹೇಳಲು ಬಂದದ್ದು ಇದನ್ನೇ.

ಗಣತಿಯಲ್ಲಿ ದುಡಿಯುವವರಿಗೆ ನಾಲ್ಕು ಕೋಣೆ: ಸಾಗುವಳಿದಾರರು, ಕೃಷಿ ಕಾರ್ಮಿಕರು, ಗೃಹ ಕೈಗಾರಿಕೆಯವರು, ಇತರೆ. ಅದಕ್ಕೂ ಮುಂಚೆ ಇನ್ನೊಂದು ಜರಡಿ. ಹಿಂದಿನ ಒಂದು ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ದುಡಿದವರು ಮುಖ್ಯ ಕೆಲಸಗಾರರು, ಅದಕ್ಕಿಂತ ಕಡಿಮೆಯವರು ಅಂಚಿನ ಕೆಲಸಗಾರರು. 2011ರಲ್ಲಿ ರಾಜ್ಯದಲ್ಲಿ ಸುಮಾರು 2.78 ಕೋಟಿ ದುಡಿಯುವವರಿದ್ದರು, ಅವರಲ್ಲಿ ಅಂಚಿನವರು ನೂರಕ್ಕೆ 16. ಗಂಡಸರಲ್ಲಿ ನೂರಕ್ಕೆ 59 ಮಂದಿ, ಹೆಂಗಸರಲ್ಲಿ ನೂರಕ್ಕೆ 32ರಷ್ಟು ಮಂದಿ ದುಡಿಯುವವರು ಎಂದು ಲೆಕ್ಕ ಸಿಕ್ಕಿತು. ನೂರಕ್ಕೆ 32! ಹಾವೇರಿ ಜಿಲ್ಲೆಯ ಯಾವ ಓಣಿಯಲ್ಲಿ ಮೂವರಲ್ಲಿ ಇಬ್ಬರು ಹೆಂಗಸರು ಸುಮ್ಮನೆ ಕೂತಿರುತ್ತಾರೆ, ತೋರಿಸಿ ನೋಡೋಣ. ಮಕ್ಕಳನ್ನೂ ಮುದುಕಿಯರನ್ನೂ ಕಳೆದರೂ ಈ ಲೆಕ್ಕ ಕೂಡಿಬರುವುದಿಲ್ಲ.

ಎಣಿಸುವವರ ಮೇಲೆ ತಪ್ಪು ಹೊರಿಸುವುದು ಸುಲಭ. ಶಾಲೆಯ ಮಾಸ್ತರರು, ಅಂಗನವಾಡಿಯವರು ಬಿಸಿಲಲ್ಲಿ ಮನೆ ಮನೆ ತಿರುಗುತ್ತಾರೆ. ತೊಡಕು ಇರುವುದು ಬೇರೆ ಕಡೆ. 2011ರ ಜನಗಣತಿ ನಡೆದದ್ದು ಫೆಬ್ರುವರಿಯಲ್ಲಿ, ಉಲ್ಲೇಖ ದಿನ ಮಾರ್ಚ್ 1. ಬ್ಯಾಡಗಿಯಲ್ಲಿ ಅದು ಮೆಣಸಿನಕಾಯಿಯ ತುಂಬು ಸುಗ್ಗಿ. ಗಣತಿದಾರರು ಬಾಗಿಲು ತಟ್ಟುವ ಹೊತ್ತಿಗೆ ಆ ಮನೆಯ ಹೆಂಗಸು ಗೋದಾಮಿನಲ್ಲಿರುತ್ತಾಳೆ. ಬಾಗಿಲಿಗೆ ಬಂದ ಗಂಡನೋ ಮಾವನೋ ಅವಳ ಕೆಲಸದ ಬಗ್ಗೆ ಉತ್ತರ ಕೊಡುತ್ತಾನೆ. "ಮನೀ ಕೆಲಸ" ಎನ್ನುತ್ತಾನೆ. ಸುಳ್ಳು ಹೇಳುವ ಉದ್ದೇಶ ಅವನಿಗಿರುವುದಿಲ್ಲ, ಹೆಂಡತಿ ದುಡಿಯುತ್ತಾಳೆಂದು ಸರಕಾರಿ ಕಾಗದದಲ್ಲಿ ಬರೆಸುವುದು ಅವನಿಗೆ ಬೇಡ. ಅವಳೇ ಸಿಕ್ಕಳೆಂದುಕೊಳ್ಳಿ. ಎಷ್ಟು ತಿಂಗಳು ಎಂದು ಕೇಳಿದರೆ ಏನು ಹೇಳಬೇಕು? ಮೆಣಸಿನಕಾಯಿಯಲ್ಲಿ ನಾಲ್ಕು ತಿಂಗಳು, ಹತ್ತಿ ಬಿಡಿಸಲು ಒಂದೂವರೆ, ಕಳೆಗೆ ಒಂದು, ನಡುವೆ ಚೂರುಪಾರು. ಕೂಡಿಸಿದರೆ ಆರು ದಾಟುತ್ತದೆ, ಬಿಡಿಯಾಗಿ ನೋಡಿದರೆ ಯಾವುದೂ ದಾಟುವುದಿಲ್ಲ. ಅವಳು ಕೃಷಿ ಕಾರ್ಮಿಕಳೋ ಇತರೆಯೋ? ಗೋದಾಮಿನ ಕೆಲಸ ಹಿಡಿದರೆ ಇತರೆ, ಹೊಲದ್ದು ಹಿಡಿದರೆ ಕೃಷಿ. ಹೀಗೆ ಒಂದೇ ಜೋಡಿ ಕೈ ಎರಡು ಕೋಣೆಯ ನಡುವೆ ಜಾರಿ ಅಂಚಿಗೆ ಬೀಳುತ್ತದೆ.

ರಾಜ್ಯದ ಅಂಕಿಗಳನ್ನೂ ಇದೇ ಕಣ್ಣಿಂದ ನೋಡಬೇಕು. 2001ರಲ್ಲಿ ಸಾಗುವಳಿದಾರರು 68 ಲಕ್ಷಕ್ಕೂ ಹೆಚ್ಚು, ಕೃಷಿ ಕಾರ್ಮಿಕರು 62 ಲಕ್ಷ. 2011ಕ್ಕೆ ತಿರುವುಮುರುವು, ಸಾಗುವಳಿದಾರರು 65.8 ಲಕ್ಷ, ಕಾರ್ಮಿಕರು 71.5 ಲಕ್ಷ. ಹೊಲ ಇದ್ದವರಿಗಿಂತ ಇಲ್ಲದವರು ಹೆಚ್ಚಾದರು ಎಂದು ನಾವೆಲ್ಲ ಭಾಷಣ ಮಾಡಿದ್ದೇವೆ, ಅದು ನಿಜವೂ ಹೌದು. ಬ್ಯಾಡಗಿಯಂಥ ಊರು ಹೇಳುವುದು ಇನ್ನೂ ಒಂದನ್ನು. ಹೊಲದಿಂದ ಹೊರಬಿದ್ದವರೆಲ್ಲ ಬೇಸಾಯದಿಂದ ಹೊರಬಿದ್ದಿಲ್ಲ. ಚೀಲ ಹೊರುವ ಹಮಾಲ, ತುಂಬು ಬಿಡಿಸುವ ಹೆಂಗಸು, ಕೋಲ್ಡ್ ಸ್ಟೋರೇಜಿನಲ್ಲಿ ಚೀಲ ಜೋಡಿಸುವ ಹುಡುಗ ಎಲ್ಲರ ಅನ್ನವೂ ಇವತ್ತಿಗೂ ಮಳೆ, ರೋಗ, ದರದ ಕೈಯಲ್ಲೇ ಇದೆ. 2021–22ರಲ್ಲಿ ಕಪ್ಪು ಥ್ರಿಪ್ಸ್ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳನ್ನು ತಿಂದಿತು. ಅಂಥ ವರ್ಷ ಮಾಲು ಕಡಿಮೆ ಬಂದರೆ ಗೋದಾಮಿನಲ್ಲಿ ಕೂಲಿಯೂ ಕಡಿಮೆ. ರೈತನಿಗೆ ಬೆಳೆ ವಿಮೆಯ ಮಾತಾದರೂ ಇದೆ. ಅವನ ಬೆಳೆಯನ್ನೇ ನಂಬಿದ ಕೂಲಿಯವರಿಗೆ ಅದೂ ಇಲ್ಲ.

ಊರು ಪಟ್ಟಣವಾದದ್ದರಿಂದ ಆದ ಇನ್ನೊಂದು ತೊಂದರೆ ಬಹಳ ಮಂದಿಯ ಗಮನಕ್ಕೆ ಬಂದಿಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆಯನ್ನು ಬರೆದದ್ದೇ ಗ್ರಾಮೀಣ ಪ್ರದೇಶಕ್ಕಾಗಿ. ಪುರಸಭೆಯ ಗಡಿಯೊಳಗಿನ ಭೂಮಿಯಿಲ್ಲದ ಹೆಂಗಸಿಗೆ ಜಾಬ್ ಕಾರ್ಡ್ ಸಿಗಲಿಲ್ಲ. ಗಡಿಗೆ ಹತ್ತಿಕೊಂಡ ಹಳ್ಳಿಯವಳಿಗೆ ಸಿಕ್ಕಿತು. ಇಬ್ಬರೂ ಒಂದೇ ಗೋದಾಮಿನಲ್ಲಿ ಅಕ್ಕಪಕ್ಕ ಕೂತು ತುಂಬು ಬಿಡಿಸುತ್ತಾರೆ. ದುಡಿಯುವ ತಾಯಂದಿರ ಮಕ್ಕಳಿಗಾಗಿ ಸರಕಾರ ಈಚೆಗೆ ತೆರೆದ 'ಕೂಸಿನ ಮನೆ'ಗಳೂ ಗ್ರಾಮ ಪಂಚಾಯಿತಿಗಳಲ್ಲಿ ಇರುವಂಥವು. ಕೂಸಿಗೆ ಖಾರದ ಕೈ ಮುಟ್ಟಬಾರದೆಂದು ಒದ್ದಾಡುವ ತಾಯಿ ಇರುವುದು ಪುರಸಭೆಯ ವಾರ್ಡಿನಲ್ಲಿ. ಮನೆತೆರಿಗೆ ಪಟ್ಟಣದ್ದು, ದುಡಿಮೆ ಹಳ್ಳಿಯದು.

ಯಾವುದನ್ನು ಪಟ್ಟಣವೆನ್ನಬೇಕು ಎಂಬ ಜನಗಣತಿಯ ಸೂತ್ರವನ್ನು ನೋಡಿದರೆ ನಗು ಬರುತ್ತದೆ. ಪುರಸಭೆ, ಪಟ್ಟಣ ಪಂಚಾಯಿತಿ ಇಲ್ಲದ ಊರನ್ನು ಪಟ್ಟಣವೆಂದು ಗುರುತಿಸಲು ಮೂರು ಷರತ್ತು: ಕನಿಷ್ಠ 5,000 ಜನ, ಚದರ ಕಿಲೋಮೀಟರಿಗೆ ಕನಿಷ್ಠ 400ರ ಸಾಂದ್ರತೆ, ಮುಖ್ಯ ಕೆಲಸಗಾರರಾದ ಗಂಡಸರಲ್ಲಿ ನೂರಕ್ಕೆ 75 ಮಂದಿ ಕೃಷಿಯೇತರ ದುಡಿಮೆಯಲ್ಲಿರಬೇಕು. ಗಂಡಸರಲ್ಲಿ ಮಾತ್ರ! 2011ರಲ್ಲಿ ಕರ್ನಾಟಕದ 347 ಪಟ್ಟಣಗಳಲ್ಲಿ 127 ಈ ಸೂತ್ರದಿಂದಲೇ ಪಟ್ಟಣವಾದವು. ಊರಿನ ಹೆಂಗಸರೆಲ್ಲ ಹೊಲಕ್ಕೆ ಹೋಗಲಿ, ಗೋದಾಮಿಗೆ ಹೋಗಲಿ, ಅವರ ದುಡಿಮೆಯಿಂದ ಊರು ಪಟ್ಟಣವೂ ಆಗುವುದಿಲ್ಲ, ಹಳ್ಳಿಯೂ ಆಗುವುದಿಲ್ಲ. ಬ್ಯಾಡಗಿಗೆ ಪುರಸಭೆ ಇರುವುದರಿಂದ ಈ ಸೂತ್ರ ನೇರವಾಗಿ ತಾಗುವುದಿಲ್ಲ, ಅದರ ಹಿಂದಿನ ಯೋಚನೆ ತಾಗುತ್ತದೆ.

ಗಂಡಸರ ವಿಷಯ ಬೇಗ ಹೇಳುತ್ತೇನೆ, ಯಾಕೆಂದರೆ ಅವರ ಬಗ್ಗೆ ಬೇಕಾದಷ್ಟು ಮಾತಾಗಿದೆ. ಹಮಾಲರಿಗೆ ಮಾರುಕಟ್ಟೆ ಸಮಿತಿಯ, ಅಂದರೆ ಎಪಿಎಂಸಿಯ, ಲೈಸೆನ್ಸ್ ಇದೆ, ಸಂಘ ಇದೆ, ಹಮಾಲಿ ದರ ಏರಿಸಬೇಕೆಂದು ಕೆಲಸ ನಿಲ್ಲಿಸುವ ತಾಕತ್ತು ಇದೆ. ಅವರ ಬೆನ್ನಿನ ನೋವು ಸಣ್ಣದಲ್ಲ, ಆದರೆ ಅವರು ಕಾಗದದಲ್ಲಿದ್ದಾರೆ. ಅವರ ಮಕ್ಕಳು ಚೀಲ ಹೊರಲು ಒಪ್ಪುತ್ತಿಲ್ಲ, ಒಪ್ಪಬೇಕೂ ಇಲ್ಲ. ಐಟಿಐ ಮುಗಿಸಿ ಬೆಂಗಳೂರಿಗೋ ಪುಣೆಗೋ ಹೋಗುತ್ತಾರೆ. ರೈತರ ಮಕ್ಕಳ ಪಾಡು ಇನ್ನೊಂದು ತರಹ. ಹೊಲ ಇದೆ ಎಂದರೆ ಹೆಣ್ಣು ಕೊಡುವವರಿಲ್ಲ. 2023ರಲ್ಲಿ ಮಂಡ್ಯ ಕಡೆಯ ಮದುವೆಯಾಗದ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದಾಗ ಪತ್ರಿಕೆಗಳು ಅದನ್ನು ತಮಾಷೆಯಾಗಿ ಬರೆದವು. ಹಾವೇರಿಯಲ್ಲಿ ಪಾದಯಾತ್ರೆ ಹೊರಟಿಲ್ಲ, ಅಷ್ಟೇ ವ್ಯತ್ಯಾಸ. ಮೂರೆಕರೆ ಹೊಲವಿದ್ದ ಹುಡುಗ ಎಪಿಎಂಸಿಯಲ್ಲಿ ಗುಮಾಸ್ತನಾದರೆ ಸಂಬಂಧ ಕೂಡಿಬರುತ್ತದೆ. ಹೆಣ್ಣಿನ ಕಡೆಯವರನ್ನು ದೂರಬೇಡಿ, ಸೊಸೆಯಾಗಿ ಹೋದವಳು ಯಾವ ಹೊಲದಲ್ಲಿ ಎಷ್ಟು ಗಂಟೆ ಬಾಗಬೇಕು ಎಂದು ಅವಳ ತಾಯಿಗೆ ಗೊತ್ತಿದೆ.

2024ರ ಮಾರ್ಚ್ 11ರ ಸೋಮವಾರದ ಬಗ್ಗೆ ಹೇಳದೆ ಬ್ಯಾಡಗಿಯ ಮಾತು ಮುಗಿಯದು. ಆ ದಿನ ದರ ಏಕಾಏಕಿ ಕುಸಿಯಿತೆಂದು ಸಿಟ್ಟಾದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಬಂದಿದ್ದವರಲ್ಲಿ ಬಹಳಷ್ಟು ಮಂದಿ ದೂರದವರು. ಬೆಂಕಿ ಇಡುವುದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ರಾತ್ರಿಯಿಡೀ ಚೀಲ ಕಾದು ಕೂತವನಿಗೆ ಊರಿನಲ್ಲಿ ಬಂಧುವಿಲ್ಲ, ಬಳಗವಿಲ್ಲ, ದಲಾಲರ ಅಂಗಡಿಯ ಕಟ್ಟೆಯೇ ಎಲ್ಲ. ಮೊದಲಿನ ದಿನಗಳಲ್ಲಿ ಪೇಟೆಗೆ ಬರುವ ರೈತ ಸುತ್ತಲಿನ ಹಳ್ಳಿಯವನು. ದರ ಬೀಳಿಸಿದ ವರ್ತಕನನ್ನು ಮುಂದಿನ ಜಾತ್ರೆಯಲ್ಲಿ ನೋಡುತ್ತಿದ್ದ, ಮುಖ ಕೊಟ್ಟು ಮಾತಾಡಬೇಕಿತ್ತು. ಆ ಮುಲಾಜು ಎರಡೂ ಕಡೆ ಇತ್ತು. ಬೆಳೆ ನೂರಾರು ಕಿಲೋಮೀಟರ್ ಆಚೆ ಹೋದಾಗ ಮುಲಾಜೂ ಹೋಯಿತು. ಗಲಾಟೆಗೆ ಪೊಲೀಸರ ವರದಿಯಲ್ಲಿ ಏನೇ ಕಾರಣ ಇರಲಿ, ನನ್ನ ಮಟ್ಟಿಗೆ ಇದೂ ಒಂದು ಕಾರಣ.

ಬೆಂಕಿಯ ನಂತರ ಪೇಟೆ ಕೆಲಕಾಲ ಅಳುಕಿನಲ್ಲಿ ನಡೆಯಿತು. ಬಳ್ಳಾರಿಯಲ್ಲೇ ಮೆಣಸಿನಕಾಯಿ ಮಾರುಕಟ್ಟೆ ಆಗಬೇಕೆಂಬುದು ಆ ಕಡೆಯ ರೈತರ ಹಳೆಯ ಬೇಡಿಕೆ. ನ್ಯಾಯವಾದ ಬೇಡಿಕೆಯೇ. ಅದು ಈಡೇರಿದ ದಿನ ವರ್ತಕರು ಅಲ್ಲೂ ಒಂದು ಅಂಗಡಿ ತೆರೆಯಬಲ್ಲರು, ತುಂಬು ಬಿಡಿಸುವವಳು ಅಲ್ಲಿಗೆ ಹೋಗಲಾರಳು. ತೊಟ್ಟು ತೆಗೆಯುವ ಯಂತ್ರಗಳೂ ಬಂದಿವೆ. ಸುಕ್ಕುಗಟ್ಟಿದ ಕಡ್ಡಿ ಕಾಯಿ ಯಂತ್ರದಲ್ಲಿ ಮುರಿಯುತ್ತದೆ, ಬೀಜ ಚೆಲ್ಲುತ್ತದೆ ಎಂಬ ಕಾರಣಕ್ಕೆ ಕೈಗೆ ಇನ್ನೂ ಬೆಲೆ ಇದೆ. ಯಂತ್ರ ಮಾಡುವವರು ಸುಮ್ಮನೆ ಕೂತಿಲ್ಲ. ಒಮ್ಮೆ ಬೆಳೆ ಹೋದಾಗ ಅದರ ಹಿಂದೆ ಪೇಟೆಗೆ ಬಂದವರು ಇನ್ನು ಯಾವುದರ ಹಿಂದೆ ಹೋಗಬೇಕು?

ಒಳ್ಳೆಯದೂ ಆಗಿದೆ, ಅದನ್ನೂ ಹೇಳಬೇಕು. 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಈ ಶಕ್ತಿ ಯೋಜನೆಯಿಂದ ದೇವಸ್ಥಾನಗಳು ತುಂಬಿದವು ಎಂದು ನಗರದವರು ಬರೆದರು. ದುಡಿಯುವವರಿಗೆ ಅದರ ಅರ್ಥ ಬೇರೆ. ಮೊದಲು ಮೇಸ್ತ್ರಿ ಕಳಿಸಿದ ಟೆಂಪೊದಲ್ಲಿ ಬಂದು ಅವನು ಹೇಳಿದ ಗೋದಾಮಿಗೇ ಹೋಗಬೇಕಿತ್ತು. ಬಸ್ ಇದ್ದರೆ ಈ ಗೋದಾಮು ಬೇಡವೆಂದರೆ ಪಕ್ಕದ್ದು. ಕಿಲೋಗೆ ಒಂದು ರೂಪಾಯಿ ಹೆಚ್ಚು ಕೊಡುವ ಕಡೆ ನಡೆದುಹೋಗುವ ಸ್ವಾತಂತ್ರ್ಯ ಅದು. ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ, ಕೈ ಮಾಡಿದಲ್ಲಿ ನಿಂತರೆ ಎಂಬುದು ಬೇರೆ ಪ್ರಶ್ನೆ.

ಕೊನೆಯದಾಗಿ, ಮುಂದಿನ ಎಣಿಕೆಯ ಬಗ್ಗೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. ಸರಕಾರ ಹೊರಡಿಸಿದ ಅಧಿಸೂಚನೆ ಪ್ರಕಾರ ಹೊಸ ಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಮತ್ತೆ ಅದೇ ತುಂಬು ಸುಗ್ಗಿ. ದಿನ ಬದಲಿಸಿ ಎಂದು ಇಲ್ಲಿಂದ ಕೂಗಿದರೆ ದಿಲ್ಲಿಗೆ ಕೇಳಿಸುವುದಿಲ್ಲ. ನಾವು ಮಾಡಬಹುದಾದ ಕೆಲವು ಕೆಲಸಗಳಿವೆ. ಸಭೆಯಲ್ಲಿ ಗಣತಿಗೆ ಹೋಗಬೇಕಾದ ಶಿಕ್ಷಕರು ಹಲವರಿದ್ದಾರೆ. ಸುಗ್ಗಿಯ ಊರುಗಳಲ್ಲಿ ದಯವಿಟ್ಟು ಸಂಜೆ ಆರರ ಮೇಲೆ ಬಾಗಿಲು ತಟ್ಟಿ, ಹೆಂಗಸರ ದುಡಿಮೆಯ ಪ್ರಶ್ನೆಯನ್ನು ಹೆಂಗಸರಿಗೇ ಕೇಳಿ. "ಏನು ಕೆಲಸ ಮಾಡ್ತೀರಿ" ಎಂದು ಕೇಳಿದರೆ "ಏನಿಲ್ರೀ, ಮನ್ಯಾಗ" ಎಂಬ ಉತ್ತರ ಬರುತ್ತದೆ. ದೀಪಾವಳಿಯಿಂದ ಸಂಕ್ರಾಂತಿ ತನಕ ಏನು, ಸಂಕ್ರಾಂತಿಯಿಂದ ಯುಗಾದಿ ತನಕ ಏನು, ಕಾರಹುಣ್ಣಿಮೆ ಆದ ಮೇಲೆ ಏನು ಎಂದು ಹಬ್ಬ ಹಿಡಿದು ಕೇಳಿ. ತಿಂಗಳುಗಳು ತಾವಾಗಿಯೇ ಕೂಡಿಬರುತ್ತವೆ. ಆರು ದಾಟಿದರೆ ಅವಳು ಮುಖ್ಯ ಕೆಲಸಗಾರಳು, ಹಾಗೆಯೇ ಬರೆಯಿರಿ.

ಇನ್ನು ಪುರಸಭೆಯವರಿಗೆ ಮತ್ತು ಎಪಿಎಂಸಿಯವರಿಗೆ ಒಂದು ಮಾತು. ಪ್ರತಿ ಸೋಮವಾರ, ಗುರುವಾರ ಎಷ್ಟು ಚೀಲ ಬಂತು, ಎಷ್ಟು ಲಾಟ್ ಆಯಿತು, ಕನಿಷ್ಠ ದರ ಎಷ್ಟು, ಗರಿಷ್ಠ ಎಷ್ಟು ಎಂದು ಮಧ್ಯಾಹ್ನದೊಳಗೆ ಲೆಕ್ಕ ಸಿಗುತ್ತದೆ. ಅದೇ ಪುಸ್ತಕದಲ್ಲಿ ಇನ್ನೊಂದು ಕಾಲಂ ಹಾಕಿ. ಆ ವಾರ ಯಾವ ಗೋದಾಮಿನಲ್ಲಿ ಎಷ್ಟು ಹೆಂಗಸರು ತುಂಬು ಬಿಡಿಸಿದರು, ಕಿಲೋಗೆ ಎಷ್ಟು ಕೊಟ್ಟರು. ಹೆಸರುಗಳು ಮೇಸ್ತ್ರಿಗಳ ಹತ್ತಿರ ಇದ್ದೇ ಇವೆ, ಪ್ರತಿ ಶನಿವಾರ ಅವರಿಂದ ತರಿಸಿಕೊಂಡರೆ ಸಾಕು. ಕೂಸುಗಳಿಗೆ ಒಂದು ಕೋಣೆ, ಕೈ ತೊಳೆಯಲು ನಲ್ಲಿ, ಎಷ್ಟು ಶೌಚಾಲಯ ಎಂಬ ಪ್ರಶ್ನೆಗಳು ಆ ಕಾಲಂ ತುಂಬಿದ ಮೇಲೆ ಬರುವಂಥವು. ಮೊದಲ ವರ್ಷ ಅಂಕಿ ತಪ್ಪಿರಬಹುದು, ಇರಲಿ, ಚೀಲದ ಲೆಕ್ಕವೂ ಮೊದಲ ವರ್ಷ ಸರಿಯಿರಲಿಕ್ಕಿಲ್ಲ.